ಮುಸುಕು ಹಾಕಿಕೊಂಡು ಗಾಳ ಹಿಡಿದ ಕಥೆ

ಈ ಬೇಸಿಗೆ ಪೂರ್ತಿ ಬಿಸಿಲಿಗೆ ಮೂಗಿನ ಚರ್ಮ ಸುಲಿಯಲಿಲ್ಲ. ಗಾಳ ಹಿಡಿದು ಹದಿನೈದು ವರ್ಷವಾಯಿತು, ಹೀಗಾಗಿದ್ದು ಇದೇ ಮೊದಲು. ದಡದಲ್ಲಿ ಜೊತೆಗೆ ಕೂರುವವರೆಲ್ಲ 'ಬಂದ ನೋಡು ಮುಸುಕು ಕಳ್ಳ' ಅಂತ ನಕ್ಕವರೇ. ಈಗ ಅವರಲ್ಲೇ ಇಬ್ಬರು ಮುಸುಕು ಹಾಕಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲೆಲ್ಲ ನಂಬಿದ್ದು ಸನ್‌ಸ್ಕ್ರೀನನ್ನ ಮಾತ್ರ. ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ) 30 ಇದ್ದದ್ದು ಹಚ್ಚಿ ಸುಟ್ಟುಕೊಂಡೆ. ಸಾಲದು ಅಂತ 50 ತಂದೆ, ಮತ್ತೆ ಸುಟ್ಟುಕೊಂಡೆ. ಆಮೇಲೆ ತಿಳಿಯಿತು, ಸರಿಯಾಗಿ ಹಚ್ಚಿದರೆ 30 ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ತಡೆಯೋದು 98. ಆ ಒಂದು ಭಾಗಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದೆ. ತಪ್ಪು ಇದ್ದದ್ದು ಅಳತೆಯಲ್ಲಿ. ಬಟಾಣಿ ಕಾಳಿನಷ್ಟು ತೆಗೆದು ಮುಖ, ಕಿವಿ, ಕುತ್ತಿಗೆ ಎಲ್ಲಕ್ಕೂ ಸವರುತ್ತಿದ್ದೆ. ಎರಡು ಬೆರಳಿನ ಉದ್ದಕ್ಕೆ ಗೆರೆ ಎಳೆದಷ್ಟು ಮುಖ, ಕುತ್ತಿಗೆಗೇ ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಇನ್ನೂ ಬೇಗ.

ಸರಿ, ಹಾಗೇ ಹಚ್ಚಿದೆ. ಎರಡೂ ಕೈ ಸೇರಿ ಒಂದು ಸಲಕ್ಕೆ ಎಂಟು ಹತ್ತು ಮಿಲಿ ಹೋಯಿತು. ಬೆಳಗ್ಗೆಯಿಂದ ಮಧ್ಯಾಹ್ನ ಮೂರರ ತನಕ ಕೂತರೆ ನಾಲ್ಕು ಸಲ. 50 ಮಿಲಿಯ ಟ್ಯೂಬು ಒಂದೂವರೆ ದಿನಕ್ಕೆ ಖಾಲಿ! ಆ ವರ್ಷ ಕ್ರೀಮಿಗೆ ಸುರಿದ ದುಡ್ಡಲ್ಲಿ ಗಾಳದ ಒಳ್ಳೆ ರೀಲ್ ಒಂದು ಬರುತ್ತಿತ್ತು. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಇನ್ನೊಂದು ತಲೆನೋವು ವಾಸನೆ. ಕ್ರೀಮ್ ಹಚ್ಚಿದ ಕೈಯಲ್ಲಿ ಹಿಟ್ಟಿನ ಉಂಡೆ ಮುಟ್ಟಿದರೆ ಮೀನು ಕಚ್ಚಲ್ಲ ಅಂತಾರಲ್ವಾ? ನಿಜಾನಾ ನೋಡೋಣ ಅಂತ ಪಕ್ಕಪಕ್ಕ ಎರಡು ಕೋಲು ಇಟ್ಟೆ. ಒಂದರ ಉಂಡೆ ಕ್ರೀಮ್ ಕೈಯಲ್ಲಿ ಕಟ್ಟಿದ್ದು, ಇನ್ನೊಂದರದ್ದು ತೊಳೆದ ಕೈಯಲ್ಲಿ. ಐದಾರು ದಿನ ನೋಡಿದೆ. ನೆನಪಿನಲ್ಲಿ ಇರೋ ಹಾಗೆ ತೊಳೆದ ಕೈಯದ್ದಕ್ಕೆ ಇಪ್ಪತ್ತರ ಹತ್ತಿರ ಕಚ್ಚಿದವು, ಕ್ರೀಮಿನದಕ್ಕೆ ಹನ್ನೆರಡೋ ಹದಿಮೂರೋ. ದೊಡ್ಡ ಪುರಾವೆ ಏನಲ್ಲ, ನನಗೆ ಸಾಕಾಯಿತು. ಅಂದಿನಿಂದ ಅಂಗೈಗೆ ಕ್ರೀಮ್ ತಾಗಿಸಲ್ಲ. ಎಡಗೈಯ ಹಿಂಬದಿಗೆ ಹಿಂಡಿ, ಬಲಗೈಯ ಹಿಂಬದಿಯಿಂದ ಉಜ್ಜಿಕೊಳ್ಳುತ್ತೇನೆ, ಬೆಕ್ಕು ಮುಖ ಒರೆಸಿಕೊಂಡ ಹಾಗೆ. ಮುಖಕ್ಕೆ ಕಡ್ಡಿಯ ಹಾಗೆ ಬರುವ ಗಟ್ಟಿ ಸನ್‌ಸ್ಕ್ರೀನ್. ತಪ್ಪಿ ಅಂಗೈಗೆ ತಾಗಿದರೆ ತಿಕ್ಕಿ ತೊಳೆಯೋಕೆ ಒಂದು ವಸ್ತು ಇಟ್ಟುಕೊಂಡಿದ್ದೇನೆ. ಅದು ಏನು ಅಂತ ಮಾತ್ರ ಕೇಳಬೇಡಿ.

ಕೊನೆಗೆ ಕೈ ಹಿಡಿದದ್ದು ಬಟ್ಟೆ. ಮೊದಲು ತೆಳು ಬಿಳಿ ಹತ್ತಿ ಟೀಶರ್ಟ್ ಹಾಕಿ ಮೋಸ ಹೋಗಿದ್ದೆ. ನೀರಿಗಿಳಿದು ಒದ್ದೆಯಾಗಿತ್ತು, ಸಂಜೆ ಭುಜ ಕೆಂಪಗೆ ಉರಿ. ಹತ್ತಿ ಒದ್ದೆಯಾದರೆ ಬಿಸಿಲು ಇನ್ನೂ ಸಲೀಸಾಗಿ ಒಳಗೆ ಬರುತ್ತದೆ. ಆಮೇಲೆ ಯುಪಿಎಫ್ 50 ಅಂತ ಬರೆದ ತುಂಬು ತೋಳಿನ ಅಂಗಿ ಎರಡು ತಂದೆ. ಅಂದರೆ ಬಿಸಿಲಿನ ಯುವಿಯಲ್ಲಿ (ಚರ್ಮ ಸುಡುವ, ಕಣ್ಣಿಗೆ ಕಾಣದ ಕಿರಣ) ಐವತ್ತರಲ್ಲಿ ಒಂದು ಭಾಗ ಮಾತ್ರ ಒಳಗೆ ಬರುತ್ತದೆ. ಎರಡಕ್ಕೂ ಸೇರಿ ಆರೇಳು ಟ್ಯೂಬಿನ ದುಡ್ಡು. ಮೂರನೇ ವರ್ಷ ನಡೀತಿದೆ.

ಹಳೆ ಅಂಗಿಗಳೂ ಆಗುತ್ತವಾ ಅಂತ ಒಂದು ರಾತ್ರಿ ದೀಪ ಆರಿಸಿ ಕೂತೆ. 365 ನ್ಯಾನೋಮೀಟರಿನ ಯುವಿ ಟಾರ್ಚ್, ಯುವಿ ಬಿದ್ದರೆ ಹೊಳೆಯುವ ಒಂದು ಬಿಳಿ ಕಾಗದ. ಟಾರ್ಚಿಗೂ ಕಾಗದಕ್ಕೂ ನಡುವೆ ಬಟ್ಟೆ ಹಿಡಿದೆ. ಸವೆದ ಟೀಶರ್ಟ್ ಹಿಂದೆ ಕಾಗದ ನೀಲಿಯಾಗಿ ಹೊಳೆಯಿತು. ಒತ್ತಾಗಿ ನೇಯ್ದ ಗಾಢ ಬಣ್ಣದ ಅಂಗಿಯ ಹಿಂದೆ ಬರೀ ಕತ್ತಲು. ಕಾಗದಕ್ಕೆ ಸನ್‌ಸ್ಕ್ರೀನ್ ಸವರಿದರೆ ಅಲ್ಲಿ ಕಪ್ಪು ಕಲೆ. ನನ್ನ ಬೆರಳು ತಪ್ಪಿಸಿದ ಜಾಗವೆಲ್ಲ ಹೊಳೀತಿತ್ತು, ನಾಚಿಕೆಯಾಯಿತು. ಇದರಲ್ಲೇ ಎರಡು ಗಂಟೆ ಕಳೆದೆ.

ಕ್ಯಾಪ್ ಬಿಟ್ಟೆ, ಅದು ಕಿವಿ ಕಾಯಲ್ಲ. ಮೂರು ಇಂಚು ಅಂಚಿನ ಟೋಪಿಗೆ ಬಂದೆ. ನೀರಿಂದ ಮೇಲೆ ಬರುವ ಪ್ರತಿಫಲನ ಗದ್ದದ ಕೆಳಗೆ ಹೊಡೆಯುತ್ತದೆ, ಅದಕ್ಕೆ ಟೋಪಿ ಏನೂ ಮಾಡಲ್ಲ. ಮುಸುಕು ಬಂದದ್ದು ಅಲ್ಲಿಂದ: ಕುತ್ತಿಗೆಯಿಂದ ಮೂಗಿನ ತನಕ ಎಳೆಯುವ ಕೊಳವೆ ಬಟ್ಟೆ. ಮೊದಲ ದಿನ ಉಸಿರಿಗೆ ಕನ್ನಡಕ ಮಬ್ಬಾಗಿ, ಬೆಂಡು ಮುಳುಗಿದ್ದೇ ಕಾಣಲಿಲ್ಲ, ದೊಡ್ಡದೊಂದು ತಪ್ಪಿತು. ನಕ್ಕವರಿಗೆ ಅವತ್ತು ಹಬ್ಬ. ಬಟ್ಟೆಯ ಅಂಚನ್ನು ಕನ್ನಡಕದ ಕೆಳಗೆ ಸಿಕ್ಕಿಸದೆ ಮೂಗಿನ ತುದಿಗೆ ನಿಲ್ಲಿಸಿದೆ, ಮೂಗಿನ ಮೇಲ್ಭಾಗಕ್ಕೆ ಕಡ್ಡಿ ಕ್ರೀಮ್. ಮಬ್ಬು ಹೋಯಿತು. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಔಷಧಿ ಮಾತ್ರ ಆ ಕನ್ನಡಕಕ್ಕೆ ತಾಗದಿರಲಿ. ನನ್ನದರ ಪ್ಲಾಸ್ಟಿಕ್ ಕಡ್ಡಿ ಕರಗಿ ಅಂಟಂಟಾಯಿತು.

ಮೋಡದ ದಿನ ಇದೆಲ್ಲ ಯಾಕೆ ಅಂತ ಒಮ್ಮೆ ಬಿಟ್ಟು ಹೋಗಿದ್ದೆ. ತಣ್ಣನೆ ಗಾಳಿ, ಸೆಕೆಯೇ ಇಲ್ಲ. ಮಾರನೇ ದಿನ ಕಿವಿಯಲ್ಲಿ ಬೊಬ್ಬೆ. ತೆಳು ಮೋಡ ಯುವಿ ಕಿರಣ ಹೆಚ್ಚೇನೂ ತಡೆಯಲ್ಲ.

ಈಗ ಇಡೀ ದಿನಕ್ಕೆ ಕ್ರೀಮ್ ಹತ್ತು ಮಿಲಿ ದಾಟಲ್ಲ. ಕೈಯ ಹಿಂಬದಿ, ಮೂಗು, ಕಿವಿ, ಅಷ್ಟೆ. ಉಳಿದಿರುವುದು ಪಾದ. ಚಪ್ಪಲಿ ಪಟ್ಟಿಯ ಗುರುತು ಇನ್ನೂ ಹಾಗೇ ಇದೆ, ಅಡ್ಡ ಎರಡು ಬಿಳಿ ಗೆರೆ. ಸಾಕ್ಸ್ ಹಾಕಿ ನೋಡಿದೆ, ಒದ್ದೆಯಾಗಿ ಕಾಲಿಗೆ ಕೆಸರಿನ ಚೀಲ ಕಟ್ಟಿದ ಹಾಗಾಯಿತು.