ಒಂದನೇ ತರಗತಿಗೆ ಹೊರಟ ಮಗುವಿಗೆ ಎಷ್ಟು ಓದು, ಎಷ್ಟು ಬರಹ?

ಜೂನ್ ಬರುವಷ್ಟರಲ್ಲಿ 49 ಅಕ್ಷರ, ಮೇಲೆ ಕಾಗುಣಿತ, ಎಲ್ಲ ಬಾಯಿಪಾಠ ಮಾಡಿಸಿಬಿಡಬೇಕೆಂಬ ಧಾವಂತ ಅನೇಕ ಮನೆಗಳಲ್ಲಿದೆ. ಅಷ್ಟೊಂದು ಬೇಕಿಲ್ಲ. ಚಿಕ್ಕ ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯನ್ನೇ ನೋಡಿ: ಒಂದನೇ ತರಗತಿಗೆ ಕಾಲಿಡುವ ಮುನ್ನ ಮಗು ಅಕ್ಷರ ನೋಡಿ ಸದ್ದು ಹೇಳಿ, ಎರಡು ಮೂರು ಅಕ್ಷರದ ಸರಳ ಪದ ಓದಿದರೆ ಸಾಕು. ಆ ತರಗತಿ ಮುಗಿಯುವಾಗ ನಾಲ್ಕೈದು ಸುಲಭ ಪದಗಳಿರುವ ಹೊಸ ವಾಕ್ಯ ಓದಬೇಕು.

ಮೊದಲ ಕೆಲಸ ಕಿವಿಯದು. ‘ಬಾ-ಳೆ-ಹ-ಣ್ಣು’ ಎಂದು ಅಕ್ಷರಕ್ಕೊಂದರಂತೆ ನಾಲ್ಕು ಚಪ್ಪಾಳೆ ತಟ್ಟಿಸಿ. ‘ಮರ’ದ ಮೊದಲ ಸದ್ದು ಯಾವುದು, ಅದೇ ಸದ್ದಿನಿಂದ ಶುರುವಾಗುವ ಇನ್ನೊಂದು ಪದ ಯಾವುದು ಎಂದು ಕೇಳಿ. ಇದಕ್ಕೆ ಪುಸ್ತಕ ಬೇಡ, ಬಸ್ಸಿನಲ್ಲೂ ಆಡಿಸಬಹುದು.

ಜೊತೆಜೊತೆಗೆ ಕೈ ಗಟ್ಟಿಯಾಗಲಿ. ಅವರೆಕಾಯಿ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ಗುಂಡಿ ಹಾಕಿಕೊಳ್ಳುವುದು ಎಲ್ಲವೂ ಬರಹದ ತಯಾರಿಯೇ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಮಗುವಿಗೆ ಒಂದು ಅಂಗುಲದ ಬಳಪದ ತುಂಡು ಕೊಡಿ. ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿದರೆ ಬರೆಯಲಾಗದು, ಮೂರು ಬೆರಳು ತಾವಾಗಿ ಕೂಡುತ್ತವೆ.

ಇನ್ನು ಅಕ್ಷರ. ‘ಅ ಆ ಇ ಈ’ ವರಸೆಯಿಂದಲೇ ಹೊರಟರೆ ವಾರಗಟ್ಟಲೆ ತಿದ್ದಿದರೂ ಓದಲು ಒಂದು ಪದ ಹುಟ್ಟುವುದು ಕಷ್ಟ. ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುವುದು ಸುಮ್ಮನೆ ಅಲ್ಲ. ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ. ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಬರೆಸಿ, ಆಮೇಲೆ ಸ್ಲೇಟು, ಕೊನೆಗೆ ಅಗಲ ಗೆರೆಯ ಪುಸ್ತಕ. ಒಂದು ಹೊತ್ತಿಗೆ ಹತ್ತು ನಿಮಿಷ ದಾಟಬೇಡಿ. ಪುಟ ತುಂಬ ‘ಗ’ ಬರೆಸಿದರೆ ಮೂರನೇ ಸಾಲಿನಿಂದಾಚೆ ತಲೆಕಟ್ಟು ಒಂದು ಕಡೆ, ಅಕ್ಷರ ಒಂದು ಕಡೆ. ದಣಿದ ಕೈ ಆ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ.

ಗೊಂದಲ ಹುಟ್ಟಿಸುವ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ‘ವ’ಕ್ಕೆ ಪಕ್ಕದಲ್ಲಿ ಬಾಲ ಬಂದರೆ ‘ಮ’. ‘ವ’ ಕೈಗೆ ಕೂತ ಮೇಲೆ ‘ಮ’ಕ್ಕೆ ಹೋಗಿ. ನ–ಸ, ದ–ಧ, ಬ–ಭ ಕೂಡ ಹಾಗೆಯೇ. ಆರೇಳು ವರ್ಷದವರೆಗೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುವುದು ಮಾಮೂಲು. ಗದರದೆ ಪಕ್ಕದಲ್ಲಿ ಸರಿಯಾಗಿ ಬರೆದು ತೋರಿಸಿ.

ಮಗು ಗಡಗಡನೆ ಪಾಠ ಒಪ್ಪಿಸಿತೆಂದು ಬೀಗಬೇಡಿ. ಸಾಲಿನ ನಡುವಿನ ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ಸಾಲನ್ನು ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿ ನಿಂತರೆ ಅದು ಓದಲ್ಲ, ನೆನಪು. ಅದೇ ಪದಗಳನ್ನು ಚೀಟಿಯಲ್ಲಿ ಬರೆದು ಕಲೆಸಿ ಕೊಡಿ.

ಹೆಸರು ಬರೆಯಲು ಬಾರದೆಂಬ ಕೊರಗಂತೂ ಬೇಡ. ಬಸವ, ಕಮಲ ಇದ್ದ ಕಾಲಕ್ಕೆ ಅದು ಸಲೀಸು. ಈಗ ಪ್ರಜ್ವಲ್, ಶ್ರೇಯಾ ಎಂದು ಒತ್ತಕ್ಷರದ ಹೆಸರಿಟ್ಟವರು ನಾವೇ! ಸದ್ಯ ತನ್ನ ಹೆಸರನ್ನು ನೋಡಿ ಗುರುತಿಸಲಿ, ಬರೆಯುವುದು ಒತ್ತಕ್ಷರ ಕಲಿತ ಮೇಲಾಯಿತು.

ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರೆ, ಕರೆದಾಗ ಮತ್ತೆ ಮತ್ತೆ ‘ಹಾಂ?’ ಎಂದರೆ, ಅಕ್ಷರ ತಿದ್ದಿಸುವುದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ.