ಬಿಸಿಲು ಏರುವ ಮುನ್ನ ತುಳಸಿಗೊಂದು ಸುದ್ದಿ

ಏಪ್ರಿಲ್ ಮಧ್ಯಾಹ್ನ ತಾರಸಿಯ ತುಳಸಿ ಎಲೆ ಇಳಿಬಿಟ್ಟು ನಿಂತರೆ ನಮಗೆ ಹೊಳೆಯುವುದು ನೀರು, ಇಲ್ಲವೇ ಗೊಬ್ಬರ. ಇಂಥ ಕಷ್ಟಕ್ಕೆ ಗಿಡದೊಳಗೇ ಒಂದು ಏರ್ಪಾಡಿದೆ: ಸ್ಯಾಲಿಸಿಲಿಕ್ ಆಮ್ಲ ಎಂಬ ಹಾರ್ಮೋನು. ಆಸ್ಪಿರಿನ್ನಿನ ಹತ್ತಿರದ ನೆಂಟ ಇದು. 1979ರಲ್ಲಿ ವಿಜ್ಞಾನಿ ರೇಮಂಡ್ ವೈಟ್ ತಂಬಾಕಿನ ಗಿಡಕ್ಕೆ ಆಸ್ಪಿರಿನ್ ಕೊಟ್ಟು, ಎಲೆಗೆ ರೋಗ ತರುವ ಮೊಸಾಯಿಕ್ ವೈರಸ್ಸಿನ ಮಚ್ಚೆಗಳು ಕಡಿಮೆಯಾಗುವುದನ್ನು ತೋರಿಸಿದ್ದರು.

ಗೊಬ್ಬರದಂತೆ ಇದು ಗಿಡದ ಹೊಟ್ಟೆ ತುಂಬಿಸುವುದಿಲ್ಲ. ಕಷ್ಟ ಬರುತ್ತಿದೆಯೆಂದು ಸುದ್ದಿ ಮುಟ್ಟಿಸುತ್ತದೆ. ಬರ, ಬಿಸಿಲು, ಉಪ್ಪುನೀರು ಯಾವುದೇ ಇರಲಿ, ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂಥ ಹಾನಿಕಾರಕ ವಸ್ತುಗಳು ಹೆಚ್ಚುತ್ತವೆ. ಅವನ್ನು ತಣಿಸುವ ಕಿಣ್ವಗಳು ಈ ಸುದ್ದಿ ಸಿಕ್ಕರೆ ಮೊದಲೇ ಸಜ್ಜಾಗುತ್ತವೆ. ಸುದ್ದಿ ಅತಿಯಾದರೆ ಮಾತ್ರ ಬೆಳವಣಿಗೆಯೇ ಕುಂಠಿತ. ಶಕ್ತಿಯೆಲ್ಲ ಕಾವಲಿಗೇ ಖರ್ಚಾದರೆ ಚಿಗುರಿಗೆ ಏನುಳಿದೀತು? ಹಾಗಾಗಿ ಈ ಆಮ್ಲವನ್ನು ನಾವೇ ತುಳಸಿಗೆ ಸಿಂಪಡಿಸಿ ನೋಡುವಾಗ ಕೈಯಳತೆ ನಡೆಯದು.

ಮೊದಲು ಒಂದೇ ವಯಸ್ಸಿನ, ಒಂದೇ ಮಣ್ಣಿನ ನಾಲ್ಕು ಕುಂಡ ಆರಿಸಿ. ಎರಡಕ್ಕೆ ಆಮ್ಲದ ದ್ರಾವಣ, ಎರಡಕ್ಕೆ ಬರೀ ನೀರು. ಇವುಗಳ ಎಲೆ ಕಷಾಯಕ್ಕೆ ಬೇಡ. ಅದಕ್ಕೆ ಬೇರೆ ಗಿಡವಿರಲಿ.

ನಂತರ ದ್ರಾವಣ. ಪ್ರಯೋಗಾಲಯದ ಸಾಮಗ್ರಿ ಮಾರುವಲ್ಲಿ ಸಿಗುವ ಶುದ್ಧ ಸ್ಯಾಲಿಸಿಲಿಕ್ ಆಮ್ಲದ ಪುಡಿಯೇ ಬೇಕು. ಕಾಲಿನ ಆಣಿಗೆ ಹಚ್ಚುವ, ಇದೇ ಆಮ್ಲವಿರುವ ಮುಲಾಮು ಆಗದು. 5 ಲೀಟರ್ ನೀರಿಗೆ 0.35 ಗ್ರಾಂ, ಅಂದರೆ ಲೀಟರಿಗೆ 70 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಗೆ ಇದು ಲೆಕ್ಕಕ್ಕೇ ಬಾರದು, ಚಿನ್ನ ತೂಗುವಂಥದ್ದು ಬೇಕು. ಕೈಗವಸು ಹಾಕಿಕೊಳ್ಳಿ, ಪುಡಿ ಕಣ್ಣಿಗೆ ಹಾರದಿರಲಿ. ತಣ್ಣೀರಿಗೆ ನೇರವಾಗಿ ಸುರಿದರೆ ಪುಡಿ ಮೇಲೆಯೇ ತೇಲಿ ಹಠ ಮಾಡುತ್ತದೆ. ಒಂದು ದೊಡ್ಡ ಲೋಟ ಕುದಿನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಬಕೆಟ್ಟಿಗೆ ಸೇರಿಸಿ. ಹುಳಿ ಮುರಿಯಲು ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ ಸಾಕು. ಆ ಲೋಟವನ್ನು ಮತ್ತೆ ಕಾಫಿಗೆ ಬಳಸಬೇಡಿ.

ಸಿಂಪಡಣೆ ಸಂಜೆ, ಬಿಸಿಲು ಇಳಿದ ಮೇಲೆ. ಎಲೆಯ ಅಡಿಭಾಗವೂ ತೇವವಾಗಲಿ, ಆದರೆ ತೊಟ್ಟಿಕ್ಕುವಷ್ಟು ಬೇಡ. ವಾರ ಬಿಟ್ಟು ಇನ್ನೊಮ್ಮೆ, ಅಷ್ಟೇ. ಇದನ್ನು ಫೆಬ್ರವರಿ ಕೊನೆಯಲ್ಲೇ ಮುಗಿಸಿದರೆ ಒಳ್ಳೆಯದು. ಬಾಡಿ ಬಿದ್ದ ಗಿಡಕ್ಕೆ ಬೇಕಾದದ್ದು ನೀರು, ಮುನ್ಸೂಚನೆ ಅಲ್ಲ.

ಎರಡನೇ ಸಿಂಪಡಣೆಯಾಗಿ ನಾಲ್ಕೈದು ದಿನ ಕಳೆದ ಮೇಲೆ ನಾಲ್ಕೂ ಕುಂಡಗಳಿಗೆ ನೀರು ನಿಲ್ಲಿಸಿ. ಮಧ್ಯಾಹ್ನ ಮೂರಕ್ಕೆ ಹೋಗಿ ಯಾವುದು ಮೊದಲು ಜೋತುಬಿತ್ತು, ಸಂಜೆ ಯಾವುದು ಬೇಗ ಎದ್ದು ನಿಂತಿತು ಎಂದು ಬರೆದಿಡಿ. ಎಲೆ ಚಿವುಟಿ ಮೂಸಿಯೂ ನೋಡಿ. ತುಳಸಿಯ ಘಾಟಿಗೆ ಕಾರಣವಾದ ಯೂಜಿನಾಲ್ ಕೂಡ ಗಿಡದ ಕಾವಲಿನ ಸರಕೇ. ಚೆನ್ನಾಗಿ ಉಂಡು ಸೊಕ್ಕಿದ ಗಿಡಕ್ಕಿಂತ ಒಂಚೂರು ಕಷ್ಟ ಕಂಡ ಗಿಡದಲ್ಲಿ ಘಾಟು ಜಾಸ್ತಿ ಇರುವುದುಂಟು. ಮೂಗನ್ನು ಪೂರ್ತಿ ನಂಬಬೇಡಿ, ಅದು ನಿನ್ನೆಯದನ್ನು ಮರೆಯುತ್ತದೆ.

ಎಲೆಯಂಚು ಕಂದಿದ್ದರೆ ಮುಂದಿನ ಸಲ ಪುಡಿ ಅರ್ಧಕ್ಕಿಳಿಸಿ.