ಕೈಲ್‌ಪೊಳ್ದ್ ಮುಗಿಸಿ ಹೊರಡಿ: ಆಲ್ಪ್ಸ್ ಸುತ್ತ ಐದು ದೇಶಗಳ ಕಾರು ಪ್ರಯಾಣ

ಯೂರೋಪಿನಲ್ಲಿ ಕಾರು ಓಡಿಸಬೇಕೆಂದುಕೊಂಡವರು ಮೊದಲು ದೇಶಗಳನ್ನು ಎಣಿಸುತ್ತಾರೆ. ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಎತ್ತರದ ಘಟ್ಟದ ರಸ್ತೆಗಳು ಹಿಮ ಕರಗಿದ ಮೇಲೆ, ಮೇ-ಜೂನ್‌ನಲ್ಲಿ ತೆರೆಯುತ್ತವೆ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಮುಚ್ಚುತ್ತವೆ. ಆಗಸ್ಟ್‌ನಲ್ಲಿ ಅಲ್ಲಿನವರಿಗೇ ರಜೆ, ಹಾಗಾಗಿ ವಿಪರೀತ ದಟ್ಟಣೆ. ಕೊಡಗಿನ ತೋಟದವರಿಗೆ ಸರಿಹೊಂದುವುದು ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೂ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೂ ನಡುವಿನ ಅವಧಿ. ಅರೇಬಿಕಾ ಕೊಯ್ಲು ಇನ್ನೂ ದೂರ, ಅಲ್ಲಿನ ಘಟ್ಟಗಳು ಇನ್ನೂ ತೆರೆದಿರುತ್ತವೆ.

ಒಂದು ಎಚ್ಚರಿಕೆ: ಸೆಪ್ಟೆಂಬರ್ 15ರ ನಂತರದ ಶನಿವಾರ, ನಮ್ಮ ಸುತ್ತು ಶುರುವಾಗುವ ಜರ್ಮನಿಯ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ ಶುರುವಾಗುತ್ತದೆ. ಕೋಣೆಗಳ ಬಾಡಿಗೆ ಹಲವು ಪಟ್ಟು ಏರುತ್ತದೆ. 4 ಅಥವಾ 5ರಂದು ಮ್ಯೂನಿಕ್ ತಲುಪಿ, 12 ರಾತ್ರಿ ಕಳೆದು ಅದಕ್ಕೆ ಮೊದಲೇ ವಾಪಸ್ ಹೊರಡುವಂತೆ ಲೆಕ್ಕ ಹಾಕಿ.

ಸುತ್ತು ಹೀಗಿರಲಿ. ಮ್ಯೂನಿಕ್ (1 ರಾತ್ರಿ), ಆಸ್ಟ್ರಿಯಾದ ಸಾಲ್ಜ್‌ಬರ್ಗ್ (2), ಗ್ರೋಸ್‌ಗ್ಲಾಕ್ನರ್ ರಸ್ತೆ ದಾಟಿ ಹೈಲಿಗೆನ್‌ಬ್ಲೂಟ್ (1), ಇಟಲಿಯ ಕೊರ್ಟಿನಾ (2), ಬೊಲ್ಜಾನೊ (2), ಗ್ಲೊರೆಂಜಾ (1), ಸ್ವಿಟ್ಜರ್ಲೆಂಡಿನ ಝೆರ್ನೆಟ್ಸ್ (1), ಲಿಕ್ಟನ್‌ಸ್ಟೈನ್‌ನ ವಾಡುಜ್ ನೋಡಿಕೊಂಡು ಜರ್ಮನಿಯ ಲಿಂಡಾವ್ (1), ಮತ್ತೆ ಮ್ಯೂನಿಕ್ (1). ಒಟ್ಟು ಸುಮಾರು 1,000 ಕಿ.ಮೀ. ಕಡಿಮೆ ಅನ್ನಿಸಬಹುದು. ಆದರೆ ಇದರಲ್ಲಿ ಅರ್ಧದಷ್ಟು ಘಟ್ಟದ ರಸ್ತೆ. ಸಂಪಾಜೆ ಘಾಟಿ ಇಳಿದವರಿಗೆ ಕಿಲೋಮೀಟರಿಗೂ ಗಂಟೆಗೂ ಇರುವ ವ್ಯತ್ಯಾಸ ಗೊತ್ತು. ಮ್ಯಾಪ್ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿ, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸಬೇಡಿ. ಕಾರನ್ನು ತೆಗೆದುಕೊಂಡ ಊರಿನಲ್ಲೇ ಹಿಂತಿರುಗಿಸಿ. ಬೇರೆ ದೇಶದಲ್ಲಿ ಬಿಟ್ಟರೆ ಅದರ ಶುಲ್ಕವೇ ಬಾಡಿಗೆಯನ್ನು ಮೀರಿಸಬಹುದು.

ಐದೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು; ಅದಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ಈ ಸುತ್ತಿನಲ್ಲಿ ಇಟಲಿಗೆ ಐದು ರಾತ್ರಿ, ಆದ್ದರಿಂದ ಇಟಲಿಗೆ. ಮೊದಲು ಇಳಿಯುವುದು ಜರ್ಮನಿಯಲ್ಲಿ ಎಂದು ಅಲ್ಲಿಗೆ ಅರ್ಜಿ ಹಾಕಿದರೆ ಅದನ್ನು ತೆಗೆದುಕೊಳ್ಳದೇ ಇರಬಹುದು. ರಾತ್ರಿಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗುವ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ. ಪ್ರವಾಸ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು.

ತೋಟದವರು ಎಡವುವುದು ಆದಾಯದ ದಾಖಲೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಹಲವರ ಬಳಿ ಐಟಿ ರಿಟರ್ನ್ಸ್ ಇರುವುದಿಲ್ಲ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಾಗದ, ಪಹಣಿ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿದ್ದರೆ ಅರ್ಜಿದಾರರ ಹೆಸರೇ ಕಾಣದೆಯೂ ಇರಬಹುದು. ಹಾಗಾಗಿ ಪಹಣಿಯ ಇಂಗ್ಲಿಷ್ ಅನುವಾದದ ಜೊತೆ ಕಾಫಿ, ಕರಿಮೆಣಸು ಮಾರಿದ ಬಿಲ್‌ಗಳನ್ನೂ ಆ ಹಣ ನಿಮ್ಮ ಖಾತೆಗೆ ಬಂದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಇಡಿ. ಕುಟುಂಬದ ಜಾಗ ಎಂಬುದನ್ನು ಒಂದು ಪುಟದ ಪತ್ರದಲ್ಲಿ ವಿವರಿಸಿ. ಅರ್ಜಿ ಹಾಕುವ ಮುನ್ನಾ ದಿನಗಳಲ್ಲಿ ಖಾತೆಗೆ ದೊಡ್ಡ ಮೊತ್ತ ತಂದು ತುಂಬಿಸುವುದು ಅನುಮಾನ ಹುಟ್ಟಿಸುತ್ತದೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಮಡಿಕೇರಿ ಆರ್‌ಟಿಒಗೆ ಅರ್ಜಿ ಹಾಕಿ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಜೊತೆಗೆ ಮೂಲ ಡಿಎಲ್ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಕಾರು ಬುಕ್ ಮಾಡುವಾಗ ಆಟೋಮ್ಯಾಟಿಕ್ ಎಂದು ಸ್ಪಷ್ಟವಾಗಿ ಆರಿಸಿ. ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಕಲಿಯುತ್ತ ಬಲಗೈಯಲ್ಲಿ ಗೇರ್ ಹುಡುಕುವುದು ಎರಡು ಕೆಲಸ. ಹೋಗುವ ಎಲ್ಲ ದೇಶಗಳ ಹೆಸರನ್ನು ಒಪ್ಪಂದದಲ್ಲಿ ಬರೆಸಿ. ಬರೆಸದ ದೇಶದಲ್ಲಿ ಅಪಘಾತವಾದರೆ ವಿಮೆ ಸಿಗದಿರಬಹುದು. ಠೇವಣಿಗೆ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಹೆಚ್ಚಿನ ಕಡೆ ಕೇಳುತ್ತಾರೆ. ವಿಮಾನ ಇಳಿದ ದಿನವೇ ಸ್ಟಿಯರಿಂಗ್ ಹಿಡಿಯಬೇಡಿ.

ಟೋಲ್ ಪ್ರತಿ ದೇಶದಲ್ಲೂ ಬೇರೆ. ಜರ್ಮನಿಯಲ್ಲಿ ಕಾರುಗಳಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಪಾಸ್ ಬೇಕು, 10 ದಿನದ್ದು ಸಾಕು; ಗಡಿ ದಾಟುವ ಮೊದಲೇ ಕಾರಿನ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಖರೀದಿಸಿ. ಸ್ವಿಟ್ಜರ್ಲೆಂಡ್ ವರ್ಷದ ಪಾಸ್ ಮಾತ್ರ ಕೊಡುತ್ತದೆ, 40 ಫ್ರಾಂಕ್. ಇಟಲಿಯಲ್ಲಿ ನಮ್ಮ ಹಳೆಯ ಟೋಲ್ ಗೇಟಿನಂತೆ ಚೀಟಿ ತೆಗೆದುಕೊಂಡು ಇಳಿಯುವಲ್ಲಿ ಹಣ ಕಟ್ಟಬೇಕು. ಹಳದಿ ಬಣ್ಣದ ಟೆಲಿಪಾಸ್ ಸಾಲಿಗೆ ನುಗ್ಗಬೇಡಿ, ಅದು ಅಲ್ಲಿನ ಫಾಸ್ಟ್ಯಾಗ್. ಬೊಲ್ಜಾನೊದಂಥ ಊರುಗಳ ಹಳೆಯ ಪೇಟೆಗೆ 'ಜೆಡ್‌ಟಿಎಲ್' ಫಲಕವಿರುತ್ತದೆ: ಪರವಾನಗಿಯಿಲ್ಲದ ಕಾರಿನ ಚಿತ್ರವನ್ನು ಕ್ಯಾಮೆರಾ ಹಿಡಿದು, ತಿಂಗಳುಗಳ ನಂತರ ದಂಡವೂ ಬಾಡಿಗೆ ಕಂಪನಿಯ ಶುಲ್ಕವೂ ಮನೆಗೆ ಬರುತ್ತವೆ. ಹೊರಗೆ ಪಾರ್ಕ್ ಮಾಡಿ ನಡೆಯಿರಿ.

ಗ್ರೋಸ್‌ಗ್ಲಾಕ್ನರ್‌ಗೆ ವಿನ್ಯೆಟ್ ಸಾಲದು, ಪ್ರತ್ಯೇಕ ಟೋಲ್ 40 ಯೂರೋಗೂ ಹೆಚ್ಚು. 1935ರಲ್ಲಿ ತೆರೆದ ಈ 48 ಕಿ.ಮೀ. ರಸ್ತೆಗೆ 36 ಹೇರ್‌ಪಿನ್ ತಿರುವುಗಳು. ಕೊಟ್ಟ ಹಣಕ್ಕೆ ಮೋಸವಿಲ್ಲ; ಪಾಸ್ಟರ್ಟ್ಸೆ ಹಿಮನದಿ ಕಾಣುವ ಕವಲಿಗೆ ತಪ್ಪದೆ ಹೋಗಿ. ಬೊಲ್ಜಾನೊದ ವಸ್ತುಸಂಗ್ರಹಾಲಯದಲ್ಲಿ 1991ರಲ್ಲಿ ಹಿಮದಲ್ಲಿ ಸಿಕ್ಕ, ಓಟ್ಜಿ ಎಂದು ಕರೆಯುವ ಮನುಷ್ಯನ 5,000 ವರ್ಷಕ್ಕೂ ಹಳೆಯ ದೇಹವಿದೆ. ಎರಡನೇ ರಾತ್ರಿ ಅಲ್ಲಿ ಇಟ್ಟದ್ದೇ ಅದಕ್ಕಾಗಿ.

ಗ್ಲೊರೆಂಜಾದಿಂದ ಹೊರಟು ದಾಟುವ ಸ್ಟೆಲ್ವಿಯೊ ಘಟ್ಟದ ಎತ್ತರ 2,757 ಮೀಟರ್. ಪ್ರಾಟೊ ಕಡೆಯಿಂದ 48 ಹೇರ್‌ಪಿನ್‌ಗಳು. ಈ ಕಡೆಯಿಂದ ಹತ್ತುವುದೇ ಒಳ್ಳೆಯದು. ಬೆಳಿಗ್ಗೆ ಎಂಟಕ್ಕೆ ಮೊದಲು ಹೊರಟರೆ ಬೈಕ್, ಸೈಕಲ್‌ಗಳ ಗುಂಪು ಕಡಿಮೆ. ತುದಿಯಿಂದ ಬೊರ್ಮಿಯೊ ಕಡೆ ಸ್ವಲ್ಪ ಇಳಿದು ಬಲಕ್ಕೆ ತಿರುಗಿದರೆ ಉಂಬ್ರೈಲ್ ಘಟ್ಟ, ಅಲ್ಲಿಂದ ಸ್ವಿಟ್ಜರ್ಲೆಂಡ್. ಇಳಿಯುವಾಗ ಆಟೋಮ್ಯಾಟಿಕ್ ಕಾರನ್ನೂ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಿನಲ್ಲಿಡಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದ ದ್ರವ ಕುದಿದು ಪೆಡಲ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಆರಲು ಬಿಡಿ. ಹಳದಿ ಕೊಂಬಿನ ಚಿತ್ರವಿರುವ ಸ್ವಿಸ್ ರಸ್ತೆಯಲ್ಲಿ ಅಂಚೆ ಬಸ್ಸಿಗೆ ದಾರಿ ಬಿಡಲೇಬೇಕು. ಕೆಳಗೆ ಮ್ಯೂಸ್ಟಾಯರ್ ಮಠದ ಸಾವಿರ ವರ್ಷಕ್ಕೂ ಹಳೆಯ ಭಿತ್ತಿಚಿತ್ರಗಳನ್ನು ನೋಡಲು ಒಂದು ಗಂಟೆ ಇಟ್ಟುಕೊಳ್ಳಿ.

ಡಬ್ಬಿಯಲ್ಲಿ ಪಂದಿಕರಿ, ತುಪ್ಪ ಒಯ್ಯುವಂತಿಲ್ಲ: ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ಯೂರೋಪಿಯನ್ ಒಕ್ಕೂಟ ನಿಷೇಧಿಸಿದೆ. ಪ್ರಮಾಣಪತ್ರವಿಲ್ಲದೆ ಕೊಡಗಿನ ಕಿತ್ತಳೆಯೂ ಬೇಡ. ಕಾಫಿ ಪುಡಿ ಒಯ್ಯಬಹುದು, ಜೇನು ತಲಾ 2 ಕೆ.ಜಿ.ವರೆಗೆ. ಗಡಿಗಳಲ್ಲಿ ಗೇಟ್ ಕಾಣದಿದ್ದರೂ ತಪಾಸಣೆ ಇರಬಹುದು, ಪಾಸ್‌ಪೋರ್ಟ್ ಡಿಕ್ಕಿಯಲ್ಲಿರುವ ಸೂಟ್‌ಕೇಸಿನಲ್ಲಿ ಬೇಡ. ತುರ್ತು ಸಂಖ್ಯೆ ಐದೂ ದೇಶಗಳಲ್ಲಿ 112.